ಅಪ್‌ಡೇಟ್: ಕೂರ್‌ನಲ್ಲಿ ಇಳಿಯಲಿಲ್ಲ, ಕೊನೆವರೆಗೂ ಹೋದೆವು

ಹೋಗುವ ಮುಂಚೆ ನಿಮ್ಮನ್ನು ಕೇಳಿದ್ದೆ: ಸ್ವಿಟ್ಜರ್ಲೆಂಡ್‌ನ ಗ್ಲೇಸಿಯರ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಝೆರ್ಮಾಟ್‌ನಿಂದ ಸೇಂಟ್ ಮೊರಿಟ್ಸ್‌ವರೆಗೆ ಸುಮಾರು 8 ಗಂಟೆ. ಅಮ್ಮನಿಗೆ ಮಂಡಿನೋವು. ಕೊನೆಯ ಎರಡು ಗಂಟೆ ಬಿಟ್ಟು ದಾರಿಯಲ್ಲಿ ಸಿಗುವ ಕೂರ್ ಊರಿನಲ್ಲೇ ಇಳಿಯೋಣವಾ ಅಂತ. ಇಳಿಯಬೇಡಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ನಿಜವಾದ ಪ್ರಯಾಣ ಶುರುವಾಗುವುದೇ ಅಲ್ಲಿಂದ. ಫಿಲಿಸೂರ್‌ಗೆ ಸ್ವಲ್ಪ ಮೊದಲು ಲ್ಯಾಂಡ್‌ವಾಸರ್ ಸೇತುವೆ. ಆರು ಕಮಾನು, 65 ಮೀಟರ್ ಎತ್ತರ, 1902ರಲ್ಲಿ ಕಟ್ಟಿ ಮುಗಿಸಿದ್ದು. ಸೇತುವೆ ಬಾಗಿರುವುದರಿಂದ ನಮ್ಮದೇ ರೈಲಿನ ಮುಂದಿನ ಬೋಗಿಗಳು ಬಂಡೆಯೊಳಗಿನ ಸುರಂಗಕ್ಕೆ ನುಗ್ಗುವುದು ಕಿಟಕಿಯಲ್ಲೇ ಕಾಣಿಸಿತು. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಆಮೇಲೆ ಬೆರ್ಗ್ಯೂನ್‌ನಿಂದ ಪ್ರೇಡಾವರೆಗೆ ರೈಲು 400 ಮೀಟರ್‌ಗಿಂತ ಜಾಸ್ತಿ ಮೇಲೇರುತ್ತದೆ. ಕಡಿದಾದ ಏರಿನಲ್ಲಿ ಹಳಿ ಕಚ್ಚಿ ಹತ್ತಿಸುವ ಹಲ್ಲುಗಾಲಿ ಇಲ್ಲಿಲ್ಲ, ಸುರಂಗದೊಳಗೆ ಸುತ್ತುತ್ತಾ ಸುತ್ತುತ್ತಾ ಹತ್ತುವುದು. ಬೆರ್ಗ್ಯೂನ್‌ನ ಚರ್ಚು ಒಮ್ಮೆ ಈ ಕಡೆ, ಇನ್ನೊಮ್ಮೆ ಆ ಕಡೆ. "ನಮ್ಮ ಸಂಪಾಜೆ ಘಾಟಿ ಹಾಗೇ ಅಲ್ವಾ?" ಅಂದರು ಅಮ್ಮ. ರೈಲೇ ಇಲ್ಲದ ಕೊಡಗಿನಲ್ಲಿ ಹುಟ್ಟಿ ಬೆಳೆದವರು. ಅವರ ಮುಖ ನೋಡುತ್ತಾ ನಾನು ಫೋಟೋ ತೆಗೆಯುವುದನ್ನೇ ಮರೆತೆ.

ಮಂಡಿಗೆ ಏನೂ ತೊಂದರೆ ಆಗಲಿಲ್ಲ. ಗಂಟೆಗೊಮ್ಮೆ ಎಬ್ಬಿಸಿ ನಡೆಸುತ್ತಿದ್ದೆ. ಹೋಗುವವರು ಕಪ್ಪು ಬಣ್ಣದ ಅಂಗಿ ಹಾಕಿಕೊಳ್ಳಿ. ಆ ದೊಡ್ಡ ಕಿಟಕಿಗಳು ತೆರೆಯುವುದಿಲ್ಲ, ತಿಳಿ ಬಣ್ಣದ ಬಟ್ಟೆ ಗಾಜಿನಲ್ಲಿ ಹೊಳೆದು ಫೋಟೋ ಕೆಡುತ್ತದೆ. ಕೂರ್‌ನಿಂದ ಆಚೆಗೆ ಬಲಗಡೆ ಸೀಟು ಸಿಕ್ಕರೆ ಬಿಡಬೇಡಿ.