ಐಮ್ಯಾಪ್ ಸ್ಕ್ರಿಪ್ಟ್: ಬೆಳಗಿನ ಜಾವ ಬಂದ ಮೇಲ್ ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತಿದೆ

ಪೆರ್ಲದವ:
ನಮಸ್ಕಾರ. ಅಡಿಕೆ ಖರೀದಿ ಕಚೇರಿಯೊಂದರ ಪೈಥಾನ್ ಸ್ಕ್ರಿಪ್ಟ್ ಇದು. ನಿನ್ನೆ ಬಂದ ಮೇಲ್‌ಗಳನ್ನು ಹುಡುಕಿ, ಅವುಗಳಲ್ಲಿರುವ ದರಪಟ್ಟಿ ಮತ್ತು ಲೋಡಿನ ಬಿಲ್ಲುಗಳನ್ನು ಆಯಾ ತಾರೀಕಿನ ಫೋಲ್ಡರಿಗೆ ಇಳಿಸಬೇಕು. ಉಬುಂಟು, ಐಮ್ಯಾಪ್‌ಲಿಬ್ (ಸರ್ವರಿನಲ್ಲಿರುವ ಮೇಲ್ ಓದುವ ಐಮ್ಯಾಪ್ ನಿಯಮಕ್ಕೆ ಪೈಥಾನ್ ಲೈಬ್ರರಿ), ಬೆಳಿಗ್ಗೆ 6ಕ್ಕೆ ಕ್ರಾನ್ (ನಿಗದಿತ ಹೊತ್ತಿಗೆ ಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ). ಹುಡುಕಲು ಐಮ್ಯಾಪ್‌ನ ‘ಆನ್’ ಪದದ ಜೊತೆ ನಿನ್ನೆಯ ತಾರೀಕು ಕೊಡುತ್ತಿದ್ದೇನೆ.

10ನೇ ತಾರೀಕು ಬೆಳಗಿನ ಜಾವ 3.40ಕ್ಕೆ ಬಂದ ಮೇಲ್ 9ರ ಫೋಲ್ಡರಿನಲ್ಲಿ ಕೂರುತ್ತದೆ. ಸಂಜೆ ಬಂದದ್ದು ಸರಿ ಇರುತ್ತದೆ. ಇದಲ್ಲದೆ, ಕೈಯಿಂದ ಓಡಿಸಿದರೆ ‘ಆಸ್ಕಿ ಕೋಡೆಕ್’ ಎಂದು ಯೂನಿಕೋಡ್‌ಎನ್‌ಕೋಡ್‌ಎರರ್ (ಇಂಗ್ಲಿಷ್ ಅಕ್ಷರಗಳ ಆಸ್ಕಿ ಸಂಕೇತದಲ್ಲಿ ಇಲ್ಲದ ಅಕ್ಷರ ಬಂದಿದೆ ಎಂಬ ದೋಷ) ಬರುತ್ತದೆ, ಕ್ರಾನ್‌ನಲ್ಲಿ ಬರುವುದಿಲ್ಲ. ಕಂಪ್ಯೂಟರಿನ ಭಾಷೆ ಮಲಯಾಳ. ಬಿಲ್ಲಿನ ತಾರೀಕು ಮಲಯಾಳದಲ್ಲಿ ಪ್ರಿಂಟ್ ಆಗಲೆಂದು ಸುರುವಿಗೇ ಸೆಟ್‌ಲೊಕೇಲ್ ಕರೆ (ಲೊಕೇಲ್, ಅಂದರೆ ಭಾಷೆ ಮತ್ತು ತಾರೀಕಿನ ರೂಪದ ಸೆಟ್ಟಿಂಗ್ ಬದಲಿಸುವುದು) ಇದೆ. ಇನ್ನೊಂದು, ಹಳೆಯ ಸರ್ವರಿನಿಂದ ಸಾಗಿಸಿದ ಮೇಲ್‌ಗಳೆಲ್ಲ ಸಾಗಿಸಿದ ದಿನವೇ ಬಂದವು ಎಂದು ಹುಡುಕಾಟ ಹೇಳುತ್ತದೆ. ಗೊತ್ತಿದ್ದವರು ದಾರಿ ತೋರಿಸಿ.

ತಾಳವಾಡಿ ಟರ್ಮಿನಲ್:
ಮೊದಲನೆಯದರ ಮೂಲ ಐಮ್ಯಾಪ್‌ನ ನಿಯಮದಲ್ಲೇ ಇದೆ ಸರ್. ಆನ್, ಸಿನ್ಸ್, ಬಿಫೋರ್ ಮೂರೂ ನೋಡುವುದು ಇಂಟರ್ನಲ್‌ಡೇಟ್ ಅನ್ನು, ಅಂದರೆ ಮೇಲ್ ಸರ್ವರಿಗೆ ಬಂದು ಬಿದ್ದ ಹೊತ್ತನ್ನು. ಆದರೆ ಹೋಲಿಸುವಾಗ ಗಂಟೆ, ನಿಮಿಷ, ಟೈಮ್‌ಝೋನ್ ಎಲ್ಲ ಬಿಟ್ಟು ಬರೀ ತಾರೀಕು ನೋಡಬೇಕು ಎಂದು 2003ರ ಆರ್‌ಎಫ್‌ಸಿ 3501 (ಐಮ್ಯಾಪ್‌ನ ನಿಯಮ ಬರೆದ ದಾಖಲೆ) ಹೇಳುತ್ತದೆ. 2021ರ ಆರ್‌ಎಫ್‌ಸಿ 9051ರಲ್ಲೂ ಅದೇ ಮಾತು. ನಿಮ್ಮ 3.40ರ ಮೇಲಿನ ಇಂಟರ್ನಲ್‌ಡೇಟ್ ಫೆಚ್ ಮಾಡಿ ನೋಡಿ: 9ನೇ ತಾರೀಕು, 22:10, +0000 ಎಂದು ಕಾಣಬೇಕು. ಹಾಗೆ ಕಂಡರೆ ಸರ್ವರ್ ಯುಟಿಸಿ (ಜಗತ್ತಿನ ಮೂಲ ಸಮಯ) ಗಡಿಯಾರದಲ್ಲಿದೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ ಇರುವುದರಿಂದ, ಮಧ್ಯರಾತ್ರಿಯಿಂದ ಬೆಳಿಗ್ಗೆ 5.30ರ ತನಕ ಬಂದದ್ದೆಲ್ಲ ಅದರ ಪಾಲಿಗೆ ಹಿಂದಿನ ದಿನದ್ದೇ.

ಇದಕ್ಕೆ ಸೆಂಟ್‌ಆನ್, ಸೆಂಟ್‌ಸಿನ್ಸ್ ಬಳಸಲು ಹೋಗಬೇಡಿ. ಅವು ಡೇಟ್ ಹೆಡರನ್ನು ನೋಡುತ್ತವೆ, ಅದನ್ನು ಬರೆಯುವುದು ಕಳುಹಿಸಿದವರ ಕಡೆಯ ಯಂತ್ರ. ಅಲ್ಲಿನ ಗಡಿಯಾರ ತಪ್ಪಿದ್ದರೆ ನಿಮ್ಮ ಫೋಲ್ಡರೂ ತಪ್ಪುತ್ತದೆ.

ಸರ್ವರಿನ ಹುಡುಕಾಟವನ್ನು ದೊಡ್ಡ ಕಣ್ಣಿನ ಜರಡಿಯಂತೆ ಮಾತ್ರ ಬಳಸಿ, ಸಣ್ಣ ಜರಡಿ ಸ್ಕ್ರಿಪ್ಟಿನಲ್ಲಿರಲಿ. 9ನೇ ತಾರೀಕಿನ ಮೇಲ್ ಬೇಕಾದರೆ ಸಿನ್ಸ್ 8, ಬಿಫೋರ್ 11 ಎಂದು ಕೇಳಿ. ಸಿನ್ಸ್ ತನಗೆ ಕೊಟ್ಟ ತಾರೀಕನ್ನು ಸೇರಿಸಿಕೊಳ್ಳುತ್ತದೆ, ಬಿಫೋರ್ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ 8, 9, 10ರದ್ದು ಬರುತ್ತದೆ. ಸರ್ವರ್ ಅಮೆರಿಕದ ಗಡಿಯಾರದಲ್ಲಿರಲಿ ಜಪಾನಿನದರಲ್ಲಿರಲಿ, ನಮ್ಮ 9 ಈ ಮೂರರೊಳಗೆ ಸಿಕ್ಕೇ ಸಿಗುತ್ತದೆ.

ಆಮೇಲೆ ಒಂದೊಂದು ಮೇಲಿನ ಇಂಟರ್ನಲ್‌ಡೇಟ್ ಮಾತ್ರ ತರಿಸಿ. ಮೈಯನ್ನೂ (ಮೇಲಿನ ಒಳಗಿನ ವಿಷಯವನ್ನು) ಒಟ್ಟಿಗೆ ಕೇಳಿದರೆ ಉತ್ತರ ಬೈಟ್ಸ್ ಬದಲು ಟ್ಯೂಪಲ್ (ಹಲವು ತುಂಡುಗಳ ಗುಂಪು) ಆಗಿ ಬರುತ್ತದೆ, ಪಾರ್ಸ್ ಮಾಡುವ ಸಾಲು ಅಲ್ಲೇ ಮುರಿಯುತ್ತದೆ. ಬಂದದ್ದನ್ನು ಐಮ್ಯಾಪ್‌ಲಿಬ್‌ನ ಇಂಟರ್ನಲ್‌ಡೇಟ್2ಟ್ಯೂಪಲ್ ಫಂಕ್ಷನ್‌ಗೆ ಕೊಡಿ. ಗಮನಿಸಿ, ಅದು ಕೊಡುವುದು ಸ್ಕ್ರಿಪ್ಟ್ ಓಡುವ ಯಂತ್ರದ ಸ್ಥಳೀಯ ಸಮಯ. ಯಂತ್ರವೇ ಯುಟಿಸಿಯಲ್ಲಿದ್ದರೆ ಅಲ್ಲಿಂದ ನೇರ ತಾರೀಕು ತೆಗೆದರೆ ಮತ್ತೆ ಮೊದಲಿನ ಕಥೆಯೇ. ಅದಕ್ಕೆ ಎಂಕೆಟೈಮ್‌ನಿಂದ ಸೆಕೆಂಡುಗಳಿಗೆ ತಿರುಗಿಸಿ, ಅಲ್ಲಿಂದ ಏಷ್ಯಾ/ಕೋಲ್ಕತಾ (ನಮ್ಮ ಟೈಮ್‌ಝೋನ್) ಝೋನ್‌ಇನ್ಫೋ ಕೊಟ್ಟು ಡೇಟ್‌ಟೈಮ್ ಮಾಡಿ. ಝೋನ್‌ಇನ್ಫೋ ಪೈಥಾನ್ 3.9ರಿಂದ ಜೊತೆಯಲ್ಲೇ ಬರುತ್ತದೆ. ವಿಂಡೋಸ್ ಆದರೆ ಟಿಝಡ್‌ಡೇಟಾ ಪ್ಯಾಕೇಜ್ ಬೇರೆ ಹಾಕಬೇಕು. ಮಿತಿ: 9ರ 00:00 ಒಳಗೆ, 10ರ 00:00 ಹೊರಗೆ. ಕೊನೆಯನ್ನು 23:59 ಎಂದು ಬರೆದರೆ ಆ ಕೊನೆಯ ನಿಮಿಷದಲ್ಲಿ ಬಂದದ್ದು ಎಲ್ಲೂ ಸೇರುವುದಿಲ್ಲ.

ಆರಿಸಿದ ಮೇಲೆ ಮೈ ತರಿಸುವಾಗ ಬಾಡಿ.ಪೀಕ್ ಬಳಸಿ. ಬರೀ ಬಾಡಿ ಎಂದರೆ ಮೇಲ್ ಓದಿದ್ದು ಎಂದು ಗುರುತಾಗುತ್ತದೆ, ಕಚೇರಿಯವರು ಹೊಸದೇನೂ ಬಂದಿಲ್ಲ ಎಂದುಕೊಳ್ಳುತ್ತಾರೆ.

ಅಕ್ಕಲಕೋಟಿ ಮಂದಿ:
ಎರಡನೇದು ಲೊಕೇಲ್ ಕಾಟ ರೀ. ಸ್ಟ್ರಿಫ್‌ಟೈಮ್‌ನ್ಯಾಗ (ತಾರೀಕನ್ನ ಅಕ್ಷರದಾಗ ಬರಿಯೂ ಫಂಕ್ಷನ್) ಪರ್ಸೆಂಟ್ ಬಿ ಹಾಕಿದ್ರ ತಿಂಗಳ ಹೆಸರು ಲೊಕೇಲ್ ಪ್ರಕಾರ ಬರ್ತದ. ಸುಮ್ಮನ ಪೈಥಾನ್ ಚಾಲೂ ಮಾಡಿದ್ರ ತಾರೀಕಿನ ಲೊಕೇಲ್ ‘ಸಿ’ ಅಂತನ ಇರ್ತದ, ಆದ್ರ ನೀವು ಸೆಟ್‌ಲೊಕೇಲ್ ಕರದ ಮ್ಯಾಲ ಅದು ಮಲಯಾಳ ಆಗ್ತದ. ಐಮ್ಯಾಪ್‌ಲಿಬ್ ಆಜ್ಞೆನ ಆಸ್ಕಿಯೊಳಗ ಕಟ್ಟತದ, ಮಲಯಾಳ ಅಕ್ಷರ ಕಂಡಕೂಡ್ಲೆ ಅಲ್ಲೇ ನಿಲ್ಲತದ. ಸರ್ವರ್ ತನಕ ಹೋಗೂದೇ ಇಲ್ಲ. ಕ್ರಾನ್‌ಗೆ ನಿಮ್ಮ ಲಾಗಿನ್ನಿನ ಭಾಷಾ ಸೆಟ್ಟಿಂಗ್ ಸಿಗೂದಿಲ್ಲ, ಅದಕ್ಕ ಅಲ್ಲಿ ನಡೀತದ.

ಲೊಕೇಲ್ ಬದಲಿ ಮಾಡಿ ಮತ್ತ ವಾಪಸ್ ತರೂ ಉಸಾಬರಿ ಬ್ಯಾಡ. ಇಂಗ್ಲಿಷಿನ ಹನ್ನೆರಡು ಮೂರಕ್ಷರದ ತಿಂಗಳ ಹೆಸರು ಒಂದು ಲಿಸ್ಟಿನ್ಯಾಗ ಬರೀರಿ, ತಿಂಗಳ ಸಂಖ್ಯೆಯೊಳಗ ಒಂದು ಕಳದು ಅದರಿಂದ ತಗೋರಿ. ದಿನ, ತಿಂಗಳು, ವರ್ಷದ ನಡುವ ಅಡ್ಡಗೆರಿ ಇರ್ಬೇಕು, ವರ್ಷ ನಾಲ್ಕಂಕಿ. ಬಿಲ್ಲಿನ ಪ್ರಿಂಟಿಗೆ ಮಲಯಾಳ ಹಂಗೇ ಇರ್ಲಿ.

ಮೂರನೇದು: ಮೇಲ್ ಸಾಗಿಸೂ ಪ್ರೋಗ್ರಾಮ್ ಅಪೆಂಡ್ (ಮೇಲ್ ಸೇರಿಸೂ) ಆಜ್ಞೆಗೆ ತಾರೀಕು ಕೊಡಲಿಲ್ಲಂದ್ರ ಸರ್ವರ್ ಆ ಕ್ಷಣದ ಹೊತ್ತನ್ನ ಇಂಟರ್ನಲ್‌ಡೇಟ್ ಮಾಡ್ತದ. ಅಂಥ ಮೇಲ್‌ಗೆ ಎಲ್ಲಕ್ಕೂ ಮ್ಯಾಲಿನ ರಿಸೀವ್ಡ್ ಹೆಡರ್ ನೋಡ್ರಿ. ಒಂದೊಂದು ಸರ್ವರ್ ತನ್ನ ಸಾಲು ಮ್ಯಾಲೆ ಸೇರಿಸ್ತದ, ಹಂಗಾಗಿ ಮ್ಯಾಲಿಂದು ಅಂದ್ರ ಕಡೀಕ ಮುಟ್ಟಿದ ಸರ್ವರ್‌ದು. ಅದರ ಕೊನೇ ಸೆಮಿಕೋಲನ್ ಆದಮ್ಯಾಲ ಇರೂದು ತಾರೀಕು. ಪಾರ್ಸ್‌ಡೇಟ್_ಟು_ಡೇಟ್‌ಟೈಮ್‌ಗೆ ಕೊಡ್ರಿ. -0000 ಅಂತ ಇದ್ರ ಟೈಮ್‌ಝೋನ್ ಇಲ್ಲದ ಡೇಟ್‌ಟೈಮ್ ಬರ್ತದ, ಹೋಲಿಸಾಕ ಹೋದ್ರ ಟೈಪ್‌ಎರರ್. ಮೊದಲ ಅದಕ್ಕ ಯುಟಿಸಿ ಅಂಟಿಸ್ರಿ.

ಪೆರ್ಲದವ:
ಇಂಟರ್ನಲ್‌ಡೇಟ್ ನೀವು ಹೇಳಿದಂತೆಯೇ 22:10, +0000 ಎಂದು ಇದೆ. ತಿಂಗಳ ಲಿಸ್ಟ್ ಹಾಕಿದ ಮೇಲೆ ಎರರ್ ಹೋಯಿತು. ಇನ್ನೊಂದು ಸಂಶಯ: ಮಳೆಗಾಲದಲ್ಲಿ ಇಲ್ಲಿ ರಾತ್ರಿ ಹೋದ ಕರೆಂಟು ಬರುವಾಗ ಮಧ್ಯಾಹ್ನ ಆಗುವುದುಂಟು. 6ರ ಕ್ರಾನ್ ತಪ್ಪಿದರೆ ಆ ದಿನದ್ದು ಪೂರ್ತಿ ಬಿಟ್ಟುಹೋಗುತ್ತದಲ್ಲ?

ತಾಳವಾಡಿ ಟರ್ಮಿನಲ್:
ಹೋಗುತ್ತದೆ. ತಪ್ಪಿದ ಹೊತ್ತನ್ನು ಕ್ರಾನ್ ಮತ್ತೆ ಓಡಿಸುವುದಿಲ್ಲ. ಕ್ರಾನ್ ಬದಲು ಉಬುಂಟುವಿನ ಸಿಸ್ಟಮ್‌ಡಿ ಟೈಮರಿನಲ್ಲಿ ಪರ್ಸಿಸ್ಟೆಂಟ್ ಅನ್ನು ಟ್ರೂ ಮಾಡಿದರೆ ಯಂತ್ರ ಎದ್ದ ಮೇಲೆ ಓಡುತ್ತದೆ. ಆದರೆ ‘ಯಾವುದು ಹೊಸದು’ ಎಂಬುದನ್ನು ತಾರೀಕಿನಿಂದ ನಿರ್ಧರಿಸುವುದೇ ಬೇಡ ಎಂಬುದು ನನ್ನ ಅಭಿಪ್ರಾಯ. ಯುಐಡಿ (ಸರ್ವರ್ ಪ್ರತಿ ಮೇಲಿಗೆ ಕೊಡುವ, ಏರುತ್ತಾ ಹೋಗುವ ಸಂಖ್ಯೆ) ಬಳಸಿ, ತಾರೀಕು ಫೋಲ್ಡರಿನ ಹೆಸರಿಗೆ ಮಾತ್ರ ಇರಲಿ.

ಕೊನೆಗೆ ಇಳಿಸಿದ ಮೇಲಿನ ಯುಐಡಿ, ಅದರ ಜೊತೆ ಮೇಲ್‌ಬಾಕ್ಸಿನ ಯುಐಡಿವ್ಯಾಲಿಡಿಟಿ (ಆ ಸಂಖ್ಯೆಗಳು ಇನ್ನೂ ಚಾಲ್ತಿಯಲ್ಲಿವೆಯೇ ಎಂದು ತಿಳಿಸುವ ಅಂಕಿ), ಎರಡನ್ನೂ ಫೈಲಿನಲ್ಲಿ ಬರೆದಿಡಿ. ಕೊನೆಯದು 1240 ಆದರೆ ಮುಂದಿನ ಸಲ 1241:* ಎಂದು ಕೇಳಿ. ಹೊಸದೇನೂ ಇಲ್ಲದಿದ್ದರೂ ಈ ಹುಡುಕಾಟ 1240 ಅನ್ನೇ ಮತ್ತೆ ಕೊಡುತ್ತದೆ, ಏಕೆಂದರೆ ನಕ್ಷತ್ರ ಎಂದರೆ ಇರುವುದರಲ್ಲಿ ದೊಡ್ಡ ಸಂಖ್ಯೆ, ಮತ್ತು ವ್ಯಾಪ್ತಿಯನ್ನು ಹಿಂದುಮುಂದಾಗಿಯೂ ಓದಲಾಗುತ್ತದೆ. 1240ಕ್ಕಿಂತ ದೊಡ್ಡದು ಮಾತ್ರ ಎಂದು ಸ್ಕ್ರಿಪ್ಟಿನಲ್ಲಿ ಇನ್ನೊಮ್ಮೆ ಸೋಸಿ. ಯುಐಡಿವ್ಯಾಲಿಡಿಟಿ ಬದಲಾಗಿದ್ದರೆ ಹಳೆಯ ಯುಐಡಿಗಳಿಗೆ ಬೆಲೆಯಿಲ್ಲ, ಆಗ ತಾರೀಕಿನ ಅಗಲ ಹುಡುಕಾಟಕ್ಕೆ ಮರಳಿ. ಸಂಖ್ಯೆಯನ್ನು ಬರೆದಿಡುವುದು ಅಟ್ಯಾಚ್‌ಮೆಂಟ್ ಡಿಸ್ಕಿಗೆ ಇಳಿದ ನಂತರ. ಮೊದಲೇ ಬರೆದರೆ ನಡುವೆ ಕರೆಂಟು ಹೋದಾಗ ಆ ಬಿಲ್ಲು ಕಳೆದಂತೆಯೇ.

ಮಡಕಶಿರಾ ಮೇಲ್:
ಐಮ್ಯಾಪ್ ಬದಲು ಜಿಮೇಲ್ ಎಪಿಐಯಲ್ಲಿ (ಪ್ರೋಗ್ರಾಮಿನಿಂದ ಜಿಮೇಲ್ ಬಳಸುವ ದಾರಿ) ಇದೇ ಕೆಲಸ ಮಾಡುವವರಿಗೆ: ಆಫ್ಟರ್, ಬಿಫೋರ್‌ಗೆ ತಾರೀಕು ಕೊಟ್ಟರೆ ಅದನ್ನು ಪೆಸಿಫಿಕ್ ಸಮಯದ (ಅಮೆರಿಕದ ಪಶ್ಚಿಮ ಕರಾವಳಿಯ ಸಮಯ, ಪಿಎಸ್‌ಟಿ) ಮಧ್ಯರಾತ್ರಿ ಎಂದು ಓದಲಾಗುತ್ತದೆ, ಅಂದರೆ ಪಿಎಸ್‌ಟಿ ಪ್ರಕಾರ ನಮ್ಮಲ್ಲಿ ಮಧ್ಯಾಹ್ನ 1.30. ತಾರೀಕಿನ ಬದಲು ಎಪೋಕ್ ಸೆಕೆಂಡ್ (1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು) ಕೊಡಿ. ಉತ್ತರದಲ್ಲಿ ಬರುವ ಇಂಟರ್ನಲ್‌ಡೇಟ್ ಮಾತ್ರ ಮಿಲಿಸೆಕೆಂಡಿನಲ್ಲಿರುತ್ತದೆ, ಹೋಲಿಸುವ ಮೊದಲು 1000ದಿಂದ ಭಾಗಿಸಿ. ಆ್ಯಪ್ಸ್ ಸ್ಕ್ರಿಪ್ಟಿನ ಜಿಮೇಲ್‌ಆ್ಯಪ್ ಸರ್ಚ್ ಬಿಡಿ ಮೇಲ್ ಕೊಡುವುದಿಲ್ಲ, ಇಡೀ ಥ್ರೆಡ್ (ಒಂದೇ ಮಾತುಕತೆಯ ಮೇಲ್‌ಗಳ ಸರಣಿ) ಕೊಡುತ್ತದೆ. ಹಳೆಯ ಮೇಲಿಗೆ ನಿನ್ನೆ ಉತ್ತರ ಬಂದಿದ್ದರೆ ಹಿಂದಿನದೂ ಜೊತೆಗೆ ಬರುತ್ತದೆ, ಒಳಗಿನ ಪ್ರತಿ ಮೇಲಿನ ಗೆಟ್‌ಡೇಟ್ ನೋಡಿಯೇ ಆರಿಸಿ.