'ಪುಲ್ ಥ್ರೂ'ಗೆ ಕನ್ನಡದಲ್ಲಿ ಏನನ್ನೋಣ? ತುರ್ತು

ಎಲ್ಲರಿಗೂ ನಮಸ್ಕಾರ. ಪೊಲೀಸರ ಒಂದು ಕೋತ್‌ಗೆ (ಶಸ್ತ್ರಾಗಾರಕ್ಕೆ ಅವರು ಹಾಗೇ ಅನ್ನುವುದು, ಕೋತಿಗೂ ಅದಕ್ಕೂ ಸಂಬಂಧವಿಲ್ಲ) ಬೋರ್ಡ್ ಬರೆದುಕೊಡಬೇಕು. ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಶುಚಿ ಮಾಡುವ ಕ್ರಮ, ಎಂಟು ಸಾಲು. ನಾಳೆ ಪೇಂಟರ್ ಬರುತ್ತಾನೆ.

ಸೆಮಿ ಆಟೋಮ್ಯಾಟಿಕ್‌ಗೆ 'ಅರೆ ಸ್ವಯಂಚಾಲಿತ' ಅಂತ ಹಾಕಿದ್ದೇನೆ. ಸಿಕ್ಕಿಕೊಂಡಿರುವುದು ಪುಲ್ ಥ್ರೂ ಹತ್ತಿರ. ಅದೊಂದು ಹುರಿ, ಒಂದು ತುದಿಗೆ ಹಿತ್ತಾಳೆ ತೂಕ, ಇನ್ನೊಂದು ತುದಿಗೆ ಕುಣಿಕೆ. ಕುಣಿಕೆಗೆ 4 ಇಂಚು ಉದ್ದ 2 ಇಂಚು ಅಗಲದ ಬಟ್ಟೆ ಸಿಕ್ಕಿಸಿ, ತೂಕವನ್ನು ತೋಟಾ ಕೂರುವ ಚೇಂಬರ್ ಕಡೆಯಿಂದ ಇಳಿಬಿಟ್ಟು, ನಳಿಗೆಯ ಬಾಯಲ್ಲಿ ಹೊರಬಂದ ಮೇಲೆ ಒಂದೇ ಸಲಕ್ಕೆ ಎಳೆಯುತ್ತಾರೆ. ನನಗೆ ಕೊಟ್ಟ ಕರಡಿನಲ್ಲಿ 'ಆಕರ್ಷಣ ರಜ್ಜು' ಎಂದಿದೆ. ದಫೇದಾರರು ಓದಿ, ಇದು ಯಾವ ಪೂಜೆಗೆ ಅಂದರು.

———

> ಅರೆ ಸ್ವಯಂಚಾಲಿತ

ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು. ತೆಗೆಯಿರಿ. 'ತಾನೇ ತುಂಬುವ ಕೋವಿ' ಸಾಕು.

ಬಂದೂಕು ಅಂತಲೂ ಎಲ್ಲೂ ಬರೆಯಬೇಡಿ. ಅದು ಅರಬ್ಬಿಯ 'ಬುಂದುಕ್', ಅಂದರೆ ಒಂದು ಜಾತಿಯ ಕಾಯಿ. ಗ್ರೀಕರು ಕಪ್ಪು ಸಮುದ್ರದ ದಂಡೆಯ ಪಾಂಟಸ್ ಸೀಮೆಯ ಕಾಯಿ ಅಂತ ಕರೆದದ್ದು ಅರಬ್ಬರ ಬಾಯಲ್ಲಿ ಹಾಗಾಯಿತು, ಆಮೇಲೆ ಕಾಯಿಯಂಥ ಗುಂಡಿಗೂ ಅದೇ ಹೆಸರು ಬಿತ್ತು, ಕೊನೆಗೆ ಗುಂಡು ಹಾರಿಸುವುದಕ್ಕೂ. ತುಪಾಕಿ ತುರ್ಕಿಯ 'ತುಫೆಕ್'. ಕೋವಿ ಒಂದೇ ನಮ್ಮದು. ಕೋವಿ ಎಂದರೆ ಕೊಳವೆ.

———

ಹಾಗಾದ್ರೆ 'ಕೋವಿಯ ನಳಿಗೆ' ಅಂದರೆ ಕೊಳವೆಯ ಕೊಳವೆ ಆಯ್ತಲ್ವಾ ಸರ್?

ನಮ್ಮ ಕೊಡಗಿನಲ್ಲಿ ಕೋವಿಗೆ ತೋಕ್ ಅನ್ನುತ್ತೇವೆ. ಆಯುಧಗಳ ಹಬ್ಬ ಕೈಲ್ ಪೊಳ್ದ್ ದಿನ ಅದರ ಬಾಯಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುವಾಗ ಈ ಪದ ಯಾವ ದೇಶದ್ದು ಅಂತ ಯಾರೂ ಪಾಸ್‌ಪೋರ್ಟ್ ಕೇಳಿಲ್ಲ. ಹಳೇ ಕೋವಿಗೆ 'ಗಜ' ಅಂತ ಇದೆ. ಮದ್ದು ಜಡಿಯುವುದಕ್ಕೂ ಅದೇ, ತುದಿಗೆ ಬಟ್ಟೆ ಸುತ್ತಿ ಒಳಗೆ ಒರೆಸುವುದಕ್ಕೂ ಅದೇ. ಆದರೆ ಗಜ ನೂಕುವ ಕೋಲು, ನಿಮ್ಮದು ಎಳೆಯುವ ಹುರಿ. ಎಳೆಹುರಿ ಅನ್ನಬಹುದೇನೋ.

———

ಗಜ ಪಾರ್ಸಿ.

———

ಮೇಜು, ಕುರ್ಚಿ ಕೂಡ ಹೊರಗಿನವೇ ಸರ್. ನೆಲದ ಮೇಲೆ ಕೂತು ಟೈಪ್ ಮಾಡ್ತಿದ್ದೀರಾ?

———

ಸುಮ್ನೆ ಓದುತ್ತಿದ್ದೆ, ತಡೆಯಲಾಗಲಿಲ್ಲ. ಇಪ್ಪತ್ತು ವರ್ಷ ಎಸ್‌ಎಲ್‌ಆರ್ ಹೊತ್ತವನು ನಾನು. ನಾವು ಹೇಳುತ್ತಿದ್ದದ್ದು 'ಫುಲ್‌ತ್ರೂ ಹೊಡಿ' ಅಂತ. ಬಟ್ಟೆಗೆ ಚಿಂದಿ. ಚಿಂದಿ ಯಾವ ಭಾಷೆ ಅಂತ ಕೇಳಿದವರಿಲ್ಲ, ಕೊನೇ ಚಿಂದಿ ಬೆಳ್ಳಗೆ ಬಂತಾ ಅಂತ ಮಾತ್ರ ಕೇಳುತ್ತಿದ್ದರು.

ತಾನೇ ತುಂಬುವ ಅನ್ನುವುದು ಸರಿಯಾಗಿದೆ, ಅದನ್ನು ಒಪ್ಪುತ್ತೇನೆ. ಗುಂಡು ಹಾರಿದಾಗಿನ ಗ್ಯಾಸ್ ಪಿಸ್ಟನ್ನನ್ನು ಹಿಂದಕ್ಕೆ ದಬ್ಬುತ್ತದೆ, ಖಾಲಿ ತೋಟಾ ಹೊರಗೆ, ಮ್ಯಾಗಜಿನ್ನಿನಿಂದ ಮುಂದಿನದು ಒಳಗೆ. ತುಂಬುವುದು ತಾನೇ, ಹಾರುವುದು ತಾನೇ ಅಲ್ಲ. ಪ್ರತಿ ಗುಂಡಿಗೂ ಟ್ರಿಗರ್ ಒತ್ತಲೇಬೇಕು. ಆ ಗ್ಯಾಸಿನಿಂದಲೇ ಪಿಸ್ಟನ್ ಸುತ್ತ ಮಸಿ ಕಟ್ಟುವುದು. ದಯವಿಟ್ಟು 'ಮಸಿ' ಅಂತ ಬರೆಸಿ. 'ಇಂಗಾಲದ ನಿಕ್ಷೇಪ' ಅಂದರೆ ಗಣಿ ಇಲಾಖೆಯವರು ಬಂದಾರು.

ಮೊದಲ ಸಾಲು ಮಾತ್ರ ಕೆಂಪಕ್ಷರದಲ್ಲಿರಲಿ: ಮ್ಯಾಗಜಿನ್ ತೆಗೆ, ಚೇಂಬರ್ ಖಾಲಿ ಇದೆಯಾ ನೋಡು. ಪದ ತಪ್ಪಿದರೆ ನಗುತ್ತಾರೆ, ಅದು ತಪ್ಪಿದರೆ ಹೆಣ ಬೀಳುತ್ತದೆ.

———

ಎಲ್ಲರಿಗೂ ಥ್ಯಾಂಕ್ಸ್. ಬೋರ್ಡ್ ಆಯಿತು. ರೈಫಲ್‌ಗೆ ಎಸ್‌ಎಲ್‌ಆರ್ ಅಂತಲೇ ಬಿಟ್ಟೆ. 'ಎಳೆಹುರಿಯನ್ನು ಚೇಂಬರ್ ಕಡೆಯಿಂದ ಇಳಿಬಿಡಿ. ಚಿಂದಿ ಬೆಳ್ಳಗೆ ಬರುವ ತನಕ ಮತ್ತೆ ಮತ್ತೆ ಎಳೆಯಿರಿ.' ದಫೇದಾರರು ಎರಡು ಸಲ ಓದಿ, ಚೆನ್ನಾಗಿದೆ ಅಂದು, ಹಿಂದೆ ತಿರುಗಿ "ಲೇ, ಆ ಫುಲ್‌ತ್ರೂ ತಗೊಂಬಾರೋ" ಅಂದರು.

———

ಎಳೆಹುರಿ ಎಂದರೆ ಎಳೆಯ ಹುರಿ ಅಂತಲೂ ಆಗುತ್ತದೆ. ಸೆಳೆಹುರಿ ಆಗಬೇಕಿತ್ತು. ಬರೆಸುವ ಮುಂಚೆ ಕೇಳಬಹುದಿತ್ತು.