ಜುಲೈನಲ್ಲಿ ಕುದುರೆಮುಖದ ಜಲಪಾತಗಳು: ಅಪ್ಪ ಅಮ್ಮ, ಮಗಳ ಜೊತೆ ಹೋಗಬಹುದಾ?

ಹೊಸ ಚಾರಣಿಗ ಕೇಳಿದ್ದು:

ಜುಲೈ ಕೊನೆಗೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಡೆ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಜೊತೆಗೆ ಅಪ್ಪ ಅಮ್ಮ. ಅಪ್ಪನಿಗೆ ಮಂಡಿನೋವು. ಅಮ್ಮ ನನಗಿಂತ ಚೆನ್ನಾಗಿ ನಡೀತಾರೆ.

ಬಂಡಾಜೆ ಅರ್ಬಿ ತುಂಬಿ ಧುಮುಕೋ ರೀಲ್ ನೋಡಿದಾಗಿನಿಂದ ಮಗಳು ಅದೇ ಬೇಕು ಅಂತ ಹಟ ಹಿಡಿದಿದ್ದಾಳೆ. ನನಗೂ ಆಸೆ ಇದೆ, ಸುಳ್ಳು ಹೇಳಲ್ಲ. ಕಾಡಿನೊಳಗೆ ನಡೆದು ಹೋಗಿ ಜಲಪಾತದ ಬುಡದಲ್ಲಿ ನಿಲ್ಲಬೇಕು ಅನ್ನೋದು ಬಹಳ ದಿನದ್ದು. ಜುಲೈ ಸರಿಯಾದ ತಿಂಗಳಾ? ಬಂಡಾಜೆ, ಹನುಮನಗುಂಡಿ, ಕಡಾಂಬಿ, ಕೂಡ್ಲು ತೀರ್ಥ, ಇದರಲ್ಲಿ ಯಾವುದು ಯಾರಿಗೆ? ಪರ್ಮಿಟ್ ಬೇಕಾ? ಇಂಬಳದ ಬಗ್ಗೆ ಹೆಂಡತಿಗೆ ವಿಪರೀತ ಹೆದರಿಕೆ, ಅದಕ್ಕೂ ಏನಾದ್ರೂ ಹೇಳಿ.

ಘಟ್ಟದ ಗಾಡಿ:

ಅಪ್ಪನಿಗೆ ಕಡಾಂಬಿ. ರಸ್ತೆ ಪಕ್ಕದಲ್ಲೇ ಇದೆ, ಗಾಡಿಯಿಂದ ಇಳಿದ್ರೆ ನೀರು ಎದುರಿಗೆ. ಹನುಮನಗುಂಡಿಗೆ ಇಳಿಯೋದು ಮೆಟ್ಟಿಲು, ಇಳಿಯೋವಾಗ ಖುಷಿ, ಹತ್ತೋವಾಗ ಮಂಡಿ ಕೇಳುತ್ತೆ. ಪೆಟ್ರೋಲ್ ಕಳಸ ಅಥವಾ ಕಾರ್ಕಳದಲ್ಲೇ ತುಂಬಿಸಿಕೊಳ್ಳಿ. ನಡುವೆ ಬಹಳ ಕಡೆ ಟವರ್ ಸಿಗಲ್ಲ, ಮ್ಯಾಪ್ ಮೊದಲೇ ಇಳಿಸಿಕೊಂಡಿರಿ.

ಟೌನ್‌ಶಿಪ್‌ನವನು:

ನಾನು ಬೆಳೆದದ್ದು ಕುದುರೆಮುಖ ಟೌನ್‌ಶಿಪ್‌ನಲ್ಲಿ. ಅಪ್ಪ ಗಣಿಯಲ್ಲಿ ಕೆಲಸಕ್ಕಿದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು, ಊರು ಖಾಲಿಯಾಗುತ್ತಾ ಬಂತು, ನಾವು ಕಳಸದ ಕಡೆ ಸರಿದ್ವಿ. ನಮಗೆ ಆಗ ಜಲಪಾತ ಅಂದ್ರೆ ನೋಡೋಕೆ ಹೋಗೋ ಜಾಗ ಅಂತ ಅನ್ನಿಸ್ತಾನೇ ಇರಲಿಲ್ಲ ಮಾರಾಯ್ರೆ. ಜೂನ್ ಹಿಡಿದುಕೊಂಡ್ರೆ ಎದುರಿನ ಗುಡ್ಡದಲ್ಲೇ ಬಿಳಿ ಗೆರೆಗಳು ಇಳೀತಿದ್ವು. ಬಟ್ಟೆ ಒಣಗಲ್ಲ ಅಂತ ಅಮ್ಮನ ಗೊಣಗಾಟ, ಅಷ್ಟೇ.

ನೇರವಾಗಿ ಹೇಳ್ತೀನಿ: ಜುಲೈ ಬೇಡ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳಗೆ ಬನ್ನಿ.

ಅಷ್ಟೊತ್ತಿಗೆ ನೀರೇ ಇರಲ್ಲ ಅನ್ನೋ ಹೆದರಿಕೆ ಎಲ್ಲರಿಗೂ ಇದೆ. ಇಲ್ಲಿನ ಗುಡ್ಡ ನೋಡಿದ್ರೆ ಆ ಹೆದರಿಕೆ ಹೋಗುತ್ತೆ. ನೆತ್ತಿ ಮೇಲೆಲ್ಲ ಹುಲ್ಲು, ಮಡಿಕೆ ಮಡಿಕೆಯಲ್ಲಿ ಶೋಲಾ, ಅಂದ್ರೆ ಕುಳ್ಳ ಮರಗಳ ದಟ್ಟ ಕಾಡು. ನಾಲ್ಕು ತಿಂಗಳು ಬಿದ್ದ ಮಳೆಯನ್ನ ಹುಲ್ಲಿನ ಬೇರು ಮತ್ತು ಶೋಲಾದೊಳಗಿನ ತರಗೆಲೆ ಮಣ್ಣು ಕುಡಿದುಕೊಂಡು ಕೂತಿರುತ್ತೆ, ಆಮೇಲೆ ತಿಂಗಳುಗಟ್ಟಲೆ ಜಿನುಗಿಸುತ್ತೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಇದೇ ಸಾಲಿನಲ್ಲಿ ಹುಟ್ಟಿ, ಎರಡು ಪೂರ್ವಕ್ಕೂ ಒಂದು ಪಶ್ಚಿಮಕ್ಕೂ ಹೋಗೋದು ಈ ಜಿನುಗಿನ ಮೇಲೇ. ಹೊಳೆಗಳು ಮಳೆ ನಿಂತ ದಿನವೇ ಸೊರಗೋ ಹಾಗಿದ್ರೆ ನವೆಂಬರ್‌ನಲ್ಲಿ ಕೆಳಗಿನ ತೋಟಕ್ಕೆಲ್ಲ ಏನು ಗತಿ?

ಜುಲೈನಲ್ಲಿ ಪುನರ್ವಸು, ಪುಷ್ಯ ಮಳೆ. ಬೆಂಗಳೂರಿಗೆ ವರ್ಷವಿಡೀ ಬೀಳೋದು ಸಾವಿರ ಮಿಲಿಮೀಟರಿನ ಆಸುಪಾಸು, ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ದಾಟುತ್ತೆ, ಅದರಲ್ಲಿ ದೊಡ್ಡ ಪಾಲು ಜುಲೈ ಒಂದರಲ್ಲೇ. ಕುದುರೆಮುಖದ ಕಥೆಯೂ ಹೆಚ್ಚುಕಡಿಮೆ ಅದೇ. ಆಗ ಜಲಪಾತ ಇರುತ್ತೆ, ಆದ್ರೆ ಕಾಣಲ್ಲ. ಮಂಜು ಮುಚ್ಚಿಕೊಂಡು ಸದ್ದು ಮಾತ್ರ ಕೇಳುತ್ತೆ. ಮಳೆ ಜೋರಾದ್ರೆ ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸುತ್ತೆ. ಅಷ್ಟು ದೂರದಿಂದ ಬಂದು ಹೋಂಸ್ಟೇ ಜಗಲಿಯಲ್ಲಿ ಕೂತು ಹೋಗೋರನ್ನ ಪ್ರತಿ ವರ್ಷ ನೋಡ್ತೀವಿ.

ಈಗ ಬಂಡಾಜೆ. ಮಗಳಿಗೆ ಇದನ್ನ ಹೇಗೆ ಹೇಳ್ತೀರೋ ಗೊತ್ತಿಲ್ಲ. ಚಾರಣದ ದಾರಿ ಹೋಗಿ ಮುಟ್ಟೋದು ಜಲಪಾತದ ನೆತ್ತಿಗೆ, ಬುಡಕ್ಕಲ್ಲ. ಸುಮಾರು 200 ಅಡಿ ಕೆಳಕ್ಕೆ ಬೀಳೋ ನೀರು ಅಂಚು ದಾಟಿ ಮಾಯ ಆಗೋದನ್ನ ಮೇಲಿಂದ ನೋಡಬೇಕು. ರೀಲ್‌ನಲ್ಲಿ ಎದುರಿಂದ ಕಾಣೋದು ಡ್ರೋನ್ ನೋಟ. ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿ ಇಲ್ಲದೆ ಡ್ರೋನ್ ಹಾರಿಸೋ ಹಾಗೇ ಇಲ್ಲ. ಇನ್ನು ದಾರಿ: ಉಜಿರೆ ಕಡೆಯ ವಳಂಬ್ರದಿಂದ ಹತ್ತಿದ್ರೆ ಮೊದಲು ದಟ್ಟ ಕಾಡು, ಆಮೇಲೆ ನೆರಳೇ ಇಲ್ಲದ ಹುಲ್ಲಿನ ಕಡಿದಾದ ಏರು. ಕಾಡೊಳಗೆ ದಾರಿ ಕವಲೊಡೆಯುತ್ತೆ, ಗೈಡ್ ಇಲ್ಲದೆ ಹೋದವರನ್ನ ಹುಡುಕೋಕೆ ಊರವರು ಹೋಗಬೇಕಾಗುತ್ತೆ. ಮೇಲಿನ ಸುಂಕಸಾಲೆಯಿಂದ ಬಲ್ಲಾಳರಾಯನದುರ್ಗ ದಾಟಿ ಬರೋದು ಕಾಲಿಗೆ ಸ್ವಲ್ಪ ಹಗುರ. ಹಗುರ ಅಂದ್ರೂ ಇಡೀ ದಿನದ ನಡಿಗೆ. ಒಂಬತ್ತು ವರ್ಷದ ಮಗು, ಜುಲೈ ತಿಂಗಳು, ಪಾಚಿ ಹಿಡಿದ ಬಂಡೆಯ ಅಂಚು. ಈ ಮೂರನ್ನ ಒಟ್ಟಿಗೆ ನಾನು ಯೋಚನೆ ಮಾಡೋಕೂ ಹೋಗಲ್ಲ.

ಬುಡದಲ್ಲಿ ನಿಲ್ಲೋ ಆಸೆಗೆ ಹನುಮನಗುಂಡಿ ಸರಿ, ಸೂತನಬ್ಬಿ ಅಂತಲೂ ಹೇಳ್ತಾರೆ. ಕುದುರೆಮುಖ–ಕಾರ್ಕಳ ರಸ್ತೆಯಲ್ಲೇ ಇಲಾಖೆಯ ಗೇಟು, ಟಿಕೆಟ್, ಅಲ್ಲಿಂದ ಕೆಳಕ್ಕೆ ನೂರಾರು ಮೆಟ್ಟಿಲು. ಸುಮಾರು ನೂರಡಿ ನೀರು. ಸಂಜೆಗೆ ಮುಂಚೆಯೇ ಗೇಟು ಹಾಕ್ತಾರೆ, ಆದ್ದರಿಂದ ಬೆಳಿಗ್ಗೆಯೇ ಹೋಗಿ. ಅಮ್ಮ, ಮಗಳು ಇಳೀಲಿ. ಅಪ್ಪ ಬೇಕಾದ್ರೆ ಅರ್ಧ ಮೆಟ್ಟಿಲಲ್ಲಿ ಕೂತು ಕಾಡು ನೋಡಲಿ, ಅದೇನೂ ನಷ್ಟದ ಬಾಬ್ತಲ್ಲ. ಘಟ್ಟದ ಇಳಿಜಾರಿನ ಕಾಡಲ್ಲಿ ಸಿಂಗಳೀಕ ಇದೆ. 1980ರ ದಶಕದಲ್ಲಿ ಉಲ್ಲಾಸ ಕಾರಂತರು ಸಿಂಗಳೀಕಗಳ ಸಮೀಕ್ಷೆ ಮಾಡಿ ಕೊಟ್ಟ ವರದಿಯ ಹಿಂದೆಯೇ 1987ರಲ್ಲಿ ಈ 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನ ಆಯ್ತು. ಹಣ್ಣಿನ ಮರದ ಕೊಂಬೆ ಅಲ್ಲಾಡಿದ್ರೆ ಸುಮ್ಮನೆ ಕಾಯಿರಿ. ರಸ್ತೆ ಬದಿ ಬಿಸ್ಕತ್ತಿಗೆ ಬರೋ ಮಂಗ ಬೇರೆ, ಅದಕ್ಕೆ ಬಿಸ್ಕತ್ತು ಹಾಕೋ ಕೆಲಸ ಬೇಡ.

ಕೂಡ್ಲು ತೀರ್ಥ ಹೆಬ್ರಿ ಕಡೆ, ಸೋಮೇಶ್ವರ ಅಭಯಾರಣ್ಯದಲ್ಲಿ, ಸೀತಾ ನದಿಯದು. ಚೆಂದದ ನಡಿಗೆ. ಗುಂಡಿ ಆಳ, ಈಜೋ ಯೋಚನೆ ಬಿಡಿ.

ಪರ್ಮಿಟ್: ರಸ್ತೆಯಲ್ಲಿ ಹಾದುಹೋಗೋಕೆ ಚೆಕ್‌ಪೋಸ್ಟ್ ಚೀಟಿ ಸಾಕು, ದಾರಿಯಲ್ಲಿ ಕಂಡಕಂಡಲ್ಲಿ ನಿಲ್ಲಿಸೋ ಹಾಗಿಲ್ಲ. ಮುಳ್ಳೋಡಿಯಿಂದ ಕುದುರೆಮುಖ ಶಿಖರಕ್ಕೆ (1,894 ಮೀಟರ್) ಹೋಗೋ ಚಾರಣದಂಥದಕ್ಕೆ ಇಲಾಖೆಯ ಆನ್‌ಲೈನ್ ಬುಕಿಂಗ್ ಇದೆ, ದಿನಕ್ಕೆ ಇಷ್ಟೇ ಜನ ಅಂತ ಮಿತಿಯೂ ಇದೆ, ಮೇಲೆ ಟೆಂಟ್ ಹಾಕೋಕೆ ಬಿಡಲ್ಲ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಚಾರಣದ ದಾರಿಗಳನ್ನ ಮುಚ್ಚೋದು ರೂಢಿ. ‘ನನಗೆ ಒಳದಾರಿ ಗೊತ್ತು, ಪರ್ಮಿಟ್ ಬೇಡ’ ಅನ್ನೋರು ಸಿಕ್ಕೇ ಸಿಗ್ತಾರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅನುಮತಿ ಇಲ್ಲದೆ ಒಳಗೆ ಹೋಗೋದು ಅಪರಾಧ, ಕೇಸು ಬೀಳೋದು ನಿಮ್ಮ ಮೇಲೆ.

ಇಂಬಳಕ್ಕೆ ಹೆದರಬೇಡಿ ಅಂತ ಹೆಂಡತಿಗೆ ಹೇಳಿ. ಅದರಿಂದ ಕಾಯಿಲೆ ಬರಲ್ಲ. ಕಚ್ಚಿದ ಜಾಗದಿಂದ ರಕ್ತ ಬಹಳ ಹೊತ್ತು ಸೋರುತ್ತೆ, ಯಾಕಂದ್ರೆ ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯೋ ವಸ್ತು ಇರುತ್ತೆ. ಕಿತ್ತೆಳೆಯದೆ ಉಗುರಲ್ಲಿ ಬದಿಯಿಂದ ಜಾರಿಸಿ, ಒತ್ತಿ ಹಿಡೀರಿ. ಪ್ಯಾಂಟಿನ ಮೇಲೆ ಉದ್ದ ಕಾಲುಚೀಲ ಎಳೆದುಕೊಂಡು ಹೊಗೆಸೊಪ್ಪಿನ ನೀರು ಸವರಿಕೊಳ್ಳೋದು ನಮ್ಮ ಕಡೆಯ ಪದ್ಧತಿ.

ನಾನು ಹೆದರೋದು ಉಣ್ಣಿಗೆ. ಮಳೆ ಹೋಗಿ ಎಲೆ ಒಣಗಿದ ಮೇಲೆ ಇಂಬಳ ಮಾಯ, ಉಣ್ಣಿ ಶುರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಗೊತ್ತಾದ ಮಂಗನ ಕಾಯಿಲೆ ಮಲೆನಾಡಲ್ಲಿ ಡಿಸೆಂಬರ್‌ನಿಂದ ಮೇ ತನಕ ಕಾಡುತ್ತೆ, ಹರಡೋದು ಉಣ್ಣಿಯಿಂದ. ಅದಕ್ಕೇ ನವೆಂಬರ್ ಒಳಗೆ ಅಂದಿದ್ದು. ತಡವಾಗಿ ಬಂದ್ರೆ ಕಾಡಿಗೆ ಇಳಿಯೋ ಮುಂಚೆ ಉಣ್ಣಿ ಹತ್ತದ ಹಾಗೆ ಮೈಗೆ ಸವರೋ ಡೆಪಾ ತೈಲ ಹಚ್ಚಿಕೊಳ್ಳಿ, ತರಗೆಲೆ ಮೇಲೆ ಕೂರಬೇಡಿ, ವಾಪಸ್ ಬಂದು ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡ್ರೆ ಹತ್ತಿರ ಹೋಗದೆ ಇಲಾಖೆಯವರಿಗೆ ತಿಳಿಸಿ.

ಮುಂಗಾರು ಹುಚ್ಚ:

ಟೌನ್‌ಶಿಪ್‌ನವರ ಮಾತು ಅರ್ಧ ಒಪ್ತೀನಿ. ಆದ್ರೆ ಅಕ್ಟೋಬರ್‌ನಲ್ಲಿ ನೋಡಿದ ಹನುಮನಗುಂಡಿಯನ್ನ ಜುಲೈನದ್ದರ ಜೊತೆ ಹೋಲಿಸೋದಾ? ಜುಲೈನಲ್ಲಿ ಮೆಟ್ಟಿಲ ಮೇಲೆ ನಿಂತಾಗಲೇ ಎದೆ ನಡುಗುತ್ತೆ, ತುಂತುರಿಗೆ ಮುಖ ಒದ್ದೆ. ಅದನ್ನ ಮಗು ಒಮ್ಮೆ ನೋಡಲಿ ಬಿಡಿ. ಎಲ್ಲದಕ್ಕೂ ಬೇಡ ಬೇಡ ಅಂದ್ರೆ ಮಲೆನಾಡಿನ ಮಳೆ ನೋಡೋರು ಯಾರು?

ಟೌನ್‌ಶಿಪ್‌ನವನು:

ಮಳೆ ನೋಡೋಕೆ ಬನ್ನಿ, ಯಾರು ಬೇಡ ಅಂದ್ರು? ಮಳೆ ನೋಡೋದು ಬೇರೆ, ಹೊಳೆಗೆ ಇಳಿಯೋದು ಬೇರೆ. ಜುಲೈನಲ್ಲಿ ಆ ಘಟ್ಟದಲ್ಲಿ ಗಾಡಿಯಲ್ಲಿ ಹೋದ್ರೆ ತಿರುವಿಗೊಂದು ಜಲಪಾತ, ಕಿಟಕಿಯಿಂದಲೇ ಕಾಣುತ್ತೆ. ನನ್ನ ತಕರಾರು ಬುಡದಲ್ಲಿ ನಿಲ್ಲೋ ಆಸೆಯ ಮೇಲೆ. ನೀರು ಹೆಚ್ಚಿದ್ದಷ್ಟೂ ದೂರ ನಿಲ್ಲಬೇಕು, ಹತ್ತಿರ ಹೋಗಬೇಕಂದ್ರೆ ನೀರು ಇಳಿಯೋ ತನಕ ಕಾಯಬೇಕು. ಎರಡೂ ಒಂದೇ ದಿನ ಸಿಗೋದಿಲ್ಲ.

ಯಾಕೆ ಅಂದ್ರೆ, ನೀವು ನಿಂತ ಕಡೆ ಮಳೆ ಇಲ್ಲದೇ ಇರಬಹುದು, ಬಿಸಿಲೂ ಇರಬಹುದು. ಮೇಲೆ ಗುಡ್ಡದಲ್ಲಿ ಅರ್ಧ ಗಂಟೆ ಹೊಡೆದಿರುತ್ತೆ. ಹೊಳೆ ಬರೋ ಮೊದಲು ಸುಳಿವು ಕೊಡುತ್ತೆ: ತಿಳಿನೀರು ಇದ್ದಕ್ಕಿದ್ದ ಹಾಗೆ ಕೆಂಪಗಾಗುತ್ತೆ, ಎಲೆ ಕಡ್ಡಿ ತೇಲಿ ಬರುತ್ತೆ, ಸದ್ದು ದಪ್ಪ ಆಗುತ್ತೆ. ಇದರಲ್ಲಿ ಒಂದು ಕಂಡ್ರೂ ಬ್ಯಾಗು ಚಪ್ಪಲಿ ಅಂತ ಹುಡುಕದೆ ದಡ ಹತ್ತಿ. ತುಂಬಾ ಜನ ಮಾಡೋದು ಅದರ ಉಲ್ಟಾ, ಮೊಬೈಲ್ ತೆಗೀತಾರೆ. ಹಳ್ಳ ದಾಟಲೇಬೇಕಾಗಿ ಬಂದ್ರೆ ಅಗಲವಾಗಿ ಹರಡಿದ ಕಡೆ ದಾಟಿ, ಬ್ಯಾಗಿನ ಸೊಂಟಪಟ್ಟಿ ಬಿಚ್ಚಿಟ್ಟಿರಿ, ಜಲಪಾತದ ನೆತ್ತಿಯ ಹತ್ತಿರ ಮಾತ್ರ ಯಾವತ್ತೂ ದಾಟಬೇಡಿ. ಮೊಣಕಾಲು ಮೀರಿದ್ರೆ ವಾಪಸ್. ಪಾಚಿ ಬಂಡೆಯ ಮೇಲೆ ಎಂಥ ಬೆಲೆಯ ಶೂ ಆದ್ರೂ ಒಂದೇ.

ಅಕ್ಟೋಬರ್‌ಗೂ ಒಂದು ಮಾತು ಇದೆ, ಅದನ್ನ ಮುಚ್ಚಿಡಲ್ಲ. ಹಸ್ತ, ಚಿತ್ತಾ ಮಳೆಗೆ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿರುತ್ತೆ, ಮಧ್ಯಾಹ್ನ ಎರಡರ ಮೇಲೆ ಗುಡುಗು ಸಿಡಿಲು. ಬೋಳು ಹುಲ್ಲುಗುಡ್ಡದ ಏಣಿನಲ್ಲಿ ಅಷ್ಟೊತ್ತಿಗೆ ಇರಬಾರದು. ಒಂಟಿ ಮರದ ಕೆಳಗೂ ನಿಲ್ಲಬಾರದು. ಬೆಳಕು ಹರಿದಾಗ ಹೊರಟು ಊಟದ ಹೊತ್ತಿಗೆ ಇಳಿದುಬಿಡಿ.

ಹೊಸ ಚಾರಣಿಗ:

ಬಂಡಾಜೆಯ ನೆತ್ತಿ ವಿಷಯ ಮಗಳಿಗೆ ಹೇಳಿದೆ. ‘ಹಾಗಾದ್ರೆ ಜಲಪಾತ ಕಾಣೋದೇ ಇಲ್ವಾ’ ಅಂತ ಕೇಳಿ ತಾನೇ ಕೈಬಿಟ್ಟಳು, ನನ್ನ ಕೆಲಸ ಉಳೀತು. ಜುಲೈ ರಜೆ ಕ್ಯಾನ್ಸಲ್ ಮಾಡಿ ದಸರಾ ರಜೆಗೆ ಹಾಕಿದ್ದೀನಿ. ಹನುಮನಗುಂಡಿ, ಕಡಾಂಬಿ ಎಲ್ಲರೂ ಒಟ್ಟಿಗೆ. ಒಂದು ದಿನ ನಾನೂ ಅಮ್ಮನೂ ಕುದುರೆಮುಖ ಶಿಖರಕ್ಕೆ. ಅಮ್ಮ ಈಗಲೇ ದಿನಾ ಮಹಡಿ ಹತ್ತಿ ಇಳೀತಿದ್ದಾರೆ. ಉಳ್ಕೊಳ್ಳೋದು ಕಳಸ ಕಡೆನಾ, ಕಾರ್ಕಳ ಕಡೆನಾ?

ಟೌನ್‌ಶಿಪ್‌ನವನು:

ಶಿಖರ ಇದ್ರೆ ಕಳಸ ಅಥವಾ ಸಂಸೆ ಕಡೆ. ಮುಳ್ಳೋಡಿ ಅಲ್ಲಿಂದಲೇ ಹತ್ತಿರ, ಕೊನೆಯ ತುಂಡು ದಾರಿಗೆ ಜೀಪು ಬೇಕು. ಹೋಗಿ ಬರೋಕೆ ಇಪ್ಪತ್ತು ಕಿಲೋಮೀಟರ್ ಅಂತ ಅಮ್ಮನಿಗೆ ಮೊದಲೇ ಹೇಳಿ, ಮಹಡಿ ಲೆಕ್ಕ ಸಾಲಲ್ಲ. ದಾರಿಯುದ್ದಕ್ಕೂ ಸಣ್ಣ ಹಳ್ಳಗಳಿವೆ, ಅಕ್ಟೋಬರ್‌ನಲ್ಲಿ ತಿಳಿನೀರು. ದಸರಾ ರಜೆ ಅಂದ್ರೆ ಅರ್ಧ ಬೆಂಗಳೂರೇ ಇಲ್ಲಿರುತ್ತೆ, ಬುಕಿಂಗ್ ತೆರೆದ ದಿನವೇ ಮಾಡಿ, ಸಾಧ್ಯವಾದ್ರೆ ವಾರದ ನಡುವಿನ ದಿನ ನೋಡಿ.

ಘಟ್ಟದ ಗಾಡಿ:

ಮಗಳಿಗೆ ತಿರುವಿನಲ್ಲಿ ವಾಂತಿ ಆಗುತ್ತಾ? ಹೊಟ್ಟೆ ತುಂಬ ತಿನ್ನಿಸಿ ಹತ್ತಿಸಬೇಡಿ, ಕಿಟಕಿ ಸ್ವಲ್ಪ ತೆಗೆದಿಟ್ಟು ಮೊಬೈಲ್ ಕಸಿದುಕೊಳ್ಳಿ. ಅಪ್ಪನಿಗೆ ಮುಂದಿನ ಸೀಟು, ಕಾಲು ಚಾಚೋಕೆ ಆಗುತ್ತೆ.